ಆಳವಿಲ್ಲದ ನೀರಿಗೆ ಎಂತಹ ಮನೆದೋಣಿ?

ನದಿ ಸರೋವರಗಳಲ್ಲಿ ವಾಸಿಸಲು ದೋಣಿ ಕಟ್ಟಿಸುವವರು ಮೊದಲು ನೋಡಬೇಕಾದುದು ಅದರ ತಳವನ್ನು ಎಂಬುದು ನಮ್ಮ ಅಭಿಪ್ರಾಯ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆಯಷ್ಟೆ. 6 ಟನ್ ತೂಕದ, 10 ಮೀಟರ್ ಉದ್ದ, 3 ಮೀಟರ್ ಅಗಲದ ಪೆಟ್ಟಿಗೆಯಾಕಾರದ ದೋಣಿ ಮುಳುಗುವುದು 20 ಸೆಂಟಿಮೀಟರ್ ಮಾತ್ರ. ನೀರಿನ ಮಟ್ಟದಲ್ಲಿ ಅಷ್ಟೇ ಉದ್ದಗಲವಿದ್ದು ಕೆಳಗೆ ಬೆಣೆಯಂತೆ ಚೂಪಾಗಿದ್ದರೆ 40 ಸೆಂಟಿಮೀಟರ್ ಮುಳುಗುತ್ತದೆ. ಮರಳದಿಣ್ಣೆಗಳಲ್ಲಿ ಸಿಕ್ಕಿಕೊಳ್ಳುವುದು ಇಂತಹುದೇ.

ಚಪ್ಪಟೆ ತಳದಲ್ಲಿಯೂ ದೋಷವುಂಟು: ಗಾಳಿ ಬೀಸಿದಾಗ ದೋಣಿ ಪಕ್ಕಕ್ಕೆ ಜಾರುತ್ತದೆ. ಹಾಲೆಂಡಿನವರು ತಮ್ಮ ಹಾಯಿದೋಣಿಗಳ ಇಕ್ಕೆಲಗಳಲ್ಲಿ ನೀರಿಗಿಳಿಸುವ ಹಲಗೆಗಳನ್ನು ಜೋಡಿಸಿ ಇದನ್ನು ತಡೆದರು. ಆದರೆ ಸೌಕರ್ಯದ ಆಸೆಯಿಂದ ಮೇಲಂತಸ್ತು ಕಟ್ಟಿದರೆ ಗುರುತ್ವಕೇಂದ್ರ ಮೇಲೇರಿ ದೋಣಿ ಮಗುಚುವ ಅಪಾಯ ಹೆಚ್ಚುತ್ತದೆ. ಆದುದರಿಂದ ತಳ ಅಗಲವಾಗಿರಲಿ, ಭಾರ ಕೆಳಗಿರಲಿ, ಮಾಡು ತಗ್ಗಾಗಿರಲಿ.