ಮಮ್ಮರ್ ನಾಟಕ: ಮೂಲದ ಹುಡುಕಾಟದಲ್ಲಿ ಮರೆಯಾದ ಆಟಗಾರ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ಕಾಲಕ್ಕೆ ಮನೆಮನೆಗೆ ಹೋಗಿ ಆಡುತ್ತಿದ್ದ ಮಮ್ಮರ್ ನಾಟಕದ ಕಥೆ ತೀರಾ ಸರಳವಾದುದು. ಸಂತ ಜಾರ್ಜ್ ಹಾಗೂ ತುರ್ಕಿ ಯೋಧ ಕಾದಾಡುತ್ತಾರೆ. ಒಬ್ಬ ಸಾಯುತ್ತಾನೆ, ವೈದ್ಯನೊಬ್ಬ ಬಂದು ಬದುಕಿಸುತ್ತಾನೆ, ಕೊನೆಗೆ ತಂಡದವರು ಹಣ ಬೇಡುತ್ತಾರೆ. ಇ.ಕೆ. ಚೇಂಬರ್ಸ್ ಅವರು 'ದಿ ಮೀಡೀವಲ್ ಸ್ಟೇಜ್' (1903) ಗ್ರಂಥದಲ್ಲಿ ಈ ಸಾವು ಮತ್ತು ಮರುಜೀವವನ್ನು ಫ್ರೇಜರ್ ಹಾಕಿಕೊಟ್ಟ ಚೌಕಟ್ಟಿನಲ್ಲಿಟ್ಟು, ಕ್ರೈಸ್ತಪೂರ್ವ ಕೃಷಿ ಆಚರಣೆಯ ಅವಶೇಷವೆಂದು ವಿವರಿಸಿದರು. ಬಹುಕಾಲ ಇದೇ ಸಿದ್ಧಾಂತವಾಗಿ ನಿಂತಿತು. ('ಫಲವಂತಿಕೆಯ ಆಚರಣೆಯ ಅವಶೇಷ' ಎಂಬ ಮಾತು ಕನ್ನಡದ ಜಾನಪದ ಪ್ರಬಂಧಗಳಿಗೂ ಅಪರಿಚಿತವಲ್ಲ.)

ಆದರೆ ಈ ನಾಟಕದ ಪಠ್ಯಗಳು ಹದಿನೆಂಟನೆಯ ಶತಮಾನಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಪೀಟರ್ ಮಿಲಿಂಗ್ಟನ್ ಅವರು ಶೆಫೀಲ್ಡ್ ವಿಶ್ವವಿದ್ಯಾಲಯಕ್ಕೆ 2002ರಲ್ಲಿ ಸಲ್ಲಿಸಿದ ಮಹಾಪ್ರಬಂಧದಲ್ಲಿ ಪಠ್ಯಗಳನ್ನು ಸಾಲುಸಾಲಾಗಿ ಹೋಲಿಸಿ, ಆ ಶತಮಾನದಲ್ಲಿ ರೂಪುಗೊಂಡ ನಾಟಕವೊಂದು ಅದಾಗಲೇ ಇದ್ದ ಮನೆಭೇಟಿಯ ಪದ್ಧತಿಗಳಿಗೆ ಸೇರಿಕೊಂಡಿತೆಂದು ವಾದಿಸಿದ್ದಾರೆ. ಬರಹ ಸಿಗದ ಮಾತ್ರಕ್ಕೆ ಮೌಖಿಕ ಪರಂಪರೆ ಇರಲಿಲ್ಲವೆನ್ನಲಾಗದು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆಚರಣೆ ಬೇರೆ, ನಾಟಕ ಬೇರೆ. ಜನವರಿಯ 'ನೇಗಿಲ ಸೋಮವಾರ'ದಂದು ಹಣ ಎತ್ತುತ್ತಿದ್ದುದಕ್ಕೆ ಹದಿನೈದನೆಯ ಶತಮಾನದ ದಾಖಲೆಗಳಿವೆ. ಅಂದು ನಾಟಕ ಆಡುತ್ತಿದ್ದರೆಂಬುದಕ್ಕೆ ಅಷ್ಟು ಹಳೆಯ ದಾಖಲೆಯಿಲ್ಲ. ಒಂದರ ಪ್ರಾಚೀನತೆಯನ್ನು ಇನ್ನೊಂದಕ್ಕೆ ಹೊರಿಸುವುದು ಸಂಶೋಧನೆಯಾಗದು.

ವೈದ್ಯನ ಪಾತ್ರವನ್ನೇ ನೋಡಬಹುದು. ಅವಶೇಷವಾದಿಗೆ ಅವನು ಮಾಂತ್ರಿಕ ಪುರೋಹಿತ. ಪಠ್ಯದಲ್ಲಿ ಕಾಣುವವನಾದರೋ ದೇಶ ಸುತ್ತಿದ ಜಂಬ ಕೊಚ್ಚುವ, ವಾಸಿಮಾಡುವ ರೋಗಗಳ ಪಟ್ಟಿ ಒದರುವ, ಹೆಣದ ಮುಂದೆ ನಿಂತು ಶುಲ್ಕಕ್ಕೆ ಚೌಕಾಸಿ ಮಾಡುವ ಸಂತೆಯ ನಕಲಿ ವೈದ್ಯ. ನಾಟಕದ ನಗುವೆಲ್ಲ ಇಲ್ಲಿಯೇ ಇದೆ. ಈ ಹಾಸ್ಯವನ್ನು ಮರೆತುಹೋದ ಮಂತ್ರದ ವಿಕೃತಿಯೆಂದು ಓದಿದರೆ, ಅದನ್ನು ಬಲ್ಲವರಾಗಿ ಆಡಿದ ಕೂಲಿಕಾರರನ್ನು ಅರ್ಥವರಿಯದ ವಾಹಕರೆಂದು ಕರೆದಂತೆಯೇ ಸರಿ.

ಆ ಕೂಲಿಕಾರರಿಗೆ ಚಳಿಗಾಲವೆಂದರೆ ಕೆಲಸ ವಿರಳವಾದ ಕಾಲ. ದೊಡ್ಡ ಮನೆಗಳಲ್ಲೂ ಮದ್ಯದಂಗಡಿಗಳಲ್ಲೂ ಆಡಿ ಪಡೆದ ಕಾಸು, ಊಟ, ಬಿಯರು ಅವರಿಗೆ ದೊಡ್ಡ ಆಸರೆಯಾಗಿದ್ದವು. ಆದರೂ ಹಿಂದಿನ ಅನೇಕ ಸಂಗ್ರಾಹಕರು ಸಂಭಾಷಣೆಯನ್ನಷ್ಟೇ ಬರೆದುಕೊಂಡರು. ಆಡಿದವರು ಯಾರು, ಕೂಡಿದ ಹಣವೆಷ್ಟು, ಅದನ್ನು ಹೇಗೆ ಹಂಚಿಕೊಂಡರು ಎಂಬುದನ್ನು ಕೇಳಲಿಲ್ಲ. ನೇಗಿಲ ಸೋಮವಾರ ಕಾಸು ಕೊಡದ ಮನೆಯ ಮುಂದಿನ ನೆಲವನ್ನು ಉತ್ತುಬಿಡುತ್ತಿದ್ದರೆಂಬ ವರದಿಗಳಿವೆ. ಆ ನೇಗಿಲನ್ನು ಫಲವಂತಿಕೆಯ ಸಂಕೇತವೆಂದು ಬಗೆಯುವ ಮೊದಲು, ಬಾಗಿಲು ತೆರೆಯದ ಆ ಮನೆ ಯಾರದೆಂದು ವಿಚಾರಿಸಬೇಕಿತ್ತು.