‘ಹಿಂದುಳಿದ’ ಎಂಬ ವಿಶೇಷಣ

ಇಂಗ್ಲಿಷಿನ ಒಂದು ವಿಶೇಷಣವು ನಮ್ಮ ಆಡಳಿತದಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ನೆಲೆಯೂರಿ ನಿಂತಿದೆ. ‘ಬ್ಯಾಕ್‌ವರ್ಡ್’ ಎಂಬುದೇ ಆ ಶಬ್ದ. ಸರಕಾರದ ಆಜ್ಞೆಗಳಲ್ಲಿಯೂ, ತಹಸೀಲ್ದಾರರು ಕೊಡುವ ಪ್ರಮಾಣಪತ್ರಗಳಲ್ಲಿಯೂ, ಆಯವ್ಯಯದ ಪುಟಗಳಲ್ಲಿಯೂ ಅದು ‘ಹಿಂದುಳಿದ’ ಎಂಬ ಕನ್ನಡದ ಉಡುಪನ್ನು ತೊಟ್ಟು ಸಂಚರಿಸುತ್ತಿದೆ. ಆ ಶಬ್ದದ ಬಲದಿಂದ ಬಡವಿದ್ಯಾರ್ಥಿಗೆ ವೇತನ ದೊರೆಯುತ್ತದೆ. ಅದೇ ಶಬ್ದದಿಂದ ಪಟ್ಟಣಿಗರು ಹಳ್ಳಿಯವರನ್ನು ಹೀಗಳೆಯುವುದೂ ಉಂಟು. ಒಂದೇ ಪದವು ಹಕ್ಕೂ ಹೀಯಾಳಿಕೆಯೂ ಆಗಿರುವಾಗ ಅದರ ಅರ್ಥವಿವೇಚನೆಯು ಕೇವಲ ವೈಯಾಕರಣರ ಕೆಲಸವೆಂದು ಸುಮ್ಮನಿರಲಾಗದು.

ಮೂಲದಲ್ಲಿ ಈ ಪದವು ದಿಕ್ಕನ್ನು ಮಾತ್ರ ಸೂಚಿಸುತ್ತಿತ್ತು. ‘ಬ್ಯಾಕ್’ ಎಂದರೆ ಬೆನ್ನು. ‘ವರ್ಡ್’ ಎಂದರೆ ಕಡೆಗೆ ತಿರುಗಿದ್ದು. ಬೆನ್ನ ಕಡೆಗೆ ಚಲಿಸಿದ್ದು ಎಂದಿಷ್ಟೇ ಅದರ ಅರ್ಥ. ಕ್ರಮೇಣ ಕಾಲದ ಭಾವವೂ ಅದರಲ್ಲಿ ಸೇರಿತು. ಹಂಗಾಮಿಗೆ ಸರಿಯಾಗಿ ಮಾಗದ ಬೆಳೆಯನ್ನೂ, ಪಾಠದಲ್ಲಿ ನಿಧಾನವಾದ ಬಾಲಕನನ್ನೂ ಇಂಗ್ಲಿಷರು ಹೀಗೆಯೇ ಕರೆದರು. ಮಾವಿಗೆ ಹೆಸರಾದ ಶ್ರೀನಿವಾಸಪುರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತಡವಾಗಿ ಮಾಗಿದ ಹಣ್ಣು ಕೀಳಾದ ಹಣ್ಣಲ್ಲ.

ನಮ್ಮ ಭಾಷೆಗಳು ಈ ಪದವನ್ನು ಬರಮಾಡಿಕೊಂಡ ರೀತಿಯೂ ವಿಚಾರಾರ್ಹವಾಗಿದೆ. ಅದೇ ತಾಲ್ಲೂಕಿನ ಗೌನಿಪಲ್ಲಿಯು ಆಂಧ್ರದ ಗಡಿಗೆ ಸಮೀಪದ ಊರು. ಕನ್ನಡದ ‘ಹಳ್ಳಿ’ಯು ಅಲ್ಲಿ ತೆಲುಗಿನ ‘ಪಲ್ಲಿ’ಯಾಗಿದೆ. ಕಚೇರಿಯ ಕಾಗದದಲ್ಲಿ ‘ಹಿಂದುಳಿದ’ ಎಂದು ಓದಿದ್ದನ್ನು ತೆಲುಗು ಮಾತಿನಲ್ಲಿ ‘ವೆನುಕಬಡಿನ’ ಎನ್ನುತ್ತಾರೆ. ಕನ್ನಡದ ಪ್ರಕಾರ ಅವರು ಹಿಂದೆ ಉಳಿದವರು. ತೆಲುಗಿನ ಪ್ರಕಾರ ಹಿಂದೆ ಬಿದ್ದವರು. ಎರಡರಲ್ಲಿಯೂ ಇಂಗ್ಲಿಷಿನಲ್ಲಿ ಕಾಣದ ಒಂದು ಸತ್ಯವಡಗಿದೆ. ಇತರರು ಮುಂದೆ ಹೋದಲ್ಲದೆ ಯಾರೂ ಹಿಂದೆ ಉಳಿಯಲಾರರು. ಆದುದರಿಂದ ಈ ಶಬ್ದವನ್ನು ಕೇಳಿದೊಡನೆ, ಮುಂದೆ ಹೋದವರು ಯಾರು, ಯಾವ ದಾರಿಯಿಂದ ಹೋದರು ಎಂಬ ಪ್ರಶ್ನೆಯೂ ಏಳಬೇಕು.

ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆಯು ೧೯೧೮ರಷ್ಟು ಹಿಂದೆಯೇ ಎದ್ದಿತು. ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯು ಸರಕಾರಿ ನೌಕರಿಗಳಲ್ಲಿ ಎಲ್ಲ ಕೋಮುಗಳಿಗೂ ತಕ್ಕ ಸ್ಥಾನ ದೊರಕಿಸುವ ಬಗೆಯನ್ನು ವಿಚಾರಿಸಿ ೧೯೧೯ರಲ್ಲಿ ವರದಿಯನ್ನೊಪ್ಪಿಸಿತು. ಅಂದು ‘ಹಿಂದುಳಿದ’ ಎಂಬುದಕ್ಕೆ ನೌಕರಿಯಲ್ಲಿ ಸಾಕಷ್ಟು ಪಾಲಿಲ್ಲದಿರುವುದೇ ಅಳತೆಗೋಲಾಯಿತು. ೧೯೪೮ರಲ್ಲಿ ಸಂವಿಧಾನ ಸಭೆಯಲ್ಲಿ ಈ ಪದಕ್ಕೆ ಲಕ್ಷಣವೇನೆಂದು ಸದಸ್ಯರು ಕೇಳಿದಾಗ, ಅದರ ನಿರ್ಣಯವು ಸರಕಾರಕ್ಕೆ ಸೇರಿದ್ದೆಂದು ಡಾ. ಅಂಬೇಡ್ಕರರು ಉತ್ತರಿಸಿದರು. ೧೯೬೨ರಲ್ಲಿ ಮೈಸೂರು ಸರಕಾರವು ‘ಹಿಂದುಳಿದ’, ‘ಹೆಚ್ಚು ಹಿಂದುಳಿದ’ ಎಂಬ ವಿಭಾಗವನ್ನು ಮಾಡಿ, ಒಟ್ಟು ಶೇಕಡ ೬೮ರಷ್ಟು ಸ್ಥಾನಗಳನ್ನು ಮೀಸಲಿಟ್ಟಾಗ, ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಆ ತಾರತಮ್ಯವನ್ನು ಅದೇ ನ್ಯಾಯಾಲಯವು ೧೯೯೨ರಲ್ಲಿ ಸಮ್ಮತಿಸಿತು. ವಿಶೇಷಣವೊಂದರ ತರತಮಭಾವವನ್ನು ಕುರಿತು ನ್ಯಾಯಾಸ್ಥಾನವು ಮೂವತ್ತು ವರ್ಷಗಳ ಅಂತರದಲ್ಲಿ ಎರಡು ಬಗೆಯ ತೀರ್ಪನ್ನು ಕೊಟ್ಟಿತೆಂಬುದು ಗಮನಾರ್ಹವಾದುದು.

ಮನುಷ್ಯರಿಗೆ ಅಂಟಿದ ಪದವು ಮುಂದೆ ಸೀಮೆಗಳಿಗೂ ಅಂಟಿತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ರಾಜ್ಯದ ಅಂದಿನ ೧೭೫ ತಾಲ್ಲೂಕುಗಳನ್ನು ೩೫ ಸೂಚಕಗಳಿಂದ ಅಳೆದು, ೧೧೪ನ್ನು ಹಿಂದುಳಿದವೆಂದು ಎಣಿಸಿತು. ಅವುಗಳಲ್ಲಿ ೩೯ ‘ಅತ್ಯಂತ’, ೪೦ ‘ಅತಿ’, ೩೫ ಬರಿಯ ‘ಹಿಂದುಳಿದ’ ತಾಲ್ಲೂಕುಗಳು. ರಾಜ್ಯದ ಸರಾಸರಿಯನ್ನು ಒಂದೆಂದು ಹಿಡಿದು ಅದಕ್ಕಿಂತ ಕಡಿಮೆ ಇರುವುದೆಲ್ಲ ಹಿಂದುಳಿದದ್ದೆಂಬುದು ಅಲ್ಲಿಯ ಕ್ರಮ. ಇಂತಹ ಅಳತೆ ಇಲ್ಲದೆ ಹಣದ ನ್ಯಾಯವಾದ ಹಂಚಿಕೆ ಸಾಧ್ಯವಿಲ್ಲವೆಂಬುದು ನಿರ್ವಿವಾದ. ಆದರೆ ಸರಾಸರಿಯನ್ನು ಅಳತೆಗೋಲಾಗಿ ಹಿಡಿದಲ್ಲಿ, ಎಲ್ಲ ತಾಲ್ಲೂಕುಗಳೂ ಏಳಿಗೆ ಹೊಂದಿದರೂ ಕೆಲವು ಅದರ ಕೆಳಗೆಯೇ ಇರುವುವು. ೨೦೨೪ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ನೇಮಿಸಿದ್ದರಿಂದ, ಹಳೆಯ ಪಟ್ಟಿಯು ಶಾಶ್ವತವಲ್ಲವೆಂಬುದನ್ನು ಸರಕಾರವೇ ಒಪ್ಪಿದಂತಾಯಿತು.

ಕೋಲಾರದ ಕಥೆಯನ್ನೇ ನೋಡಿರಿ. ೧೯೦೨ರಲ್ಲಿ, ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬರುವುದಕ್ಕೂ ಮೂರು ವರ್ಷ ಮೊದಲು, ಶಿವನಸಮುದ್ರದ ವಿದ್ಯುಚ್ಛಕ್ತಿಯು ಈ ಜಿಲ್ಲೆಯ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಲೆಕ್ಕದಲ್ಲಿ ಜಿಲ್ಲೆಯು ಎಲ್ಲರಿಗಿಂತ ಮುಂದು. ಆದರೆ ತಂತಿಯು ಗಣಿಗಾಗಿ ಬಂದಿತೇ ಹೊರತು ಗ್ರಾಮಗಳಿಗಾಗಿ ಅಲ್ಲ. ೨೦೦೧ರಲ್ಲಿ ಗಣಿಗಳೂ ಮುಚ್ಚಿದವು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನ ಕೆರೆಗಳಿಗೆ ೨೦೧೮ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಬರುತ್ತಿದೆ. ಚಿನ್ನವನ್ನು ಕೊಟ್ಟು ಬಳಸಿಬಿಟ್ಟ ನೀರನ್ನು ಪಡೆದ ಜಿಲ್ಲೆಯು ತಾನಾಗಿ ಹಿಂದೆ ಉಳಿಯಿತೆನ್ನುವುದು ನ್ಯಾಯವೇ?

ಈ ಶಬ್ದವನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಬಿಟ್ಟರೆ ಅದರೊಡನೆ ಬರುವ ಹಕ್ಕೂ ಹೋದೀತು. ಆದರೆ ವಿಶೇಷಣವು ಹೆಸರಾಗಿ ಗಟ್ಟಿಯಾಗಬಾರದು. ಅಧಿಕಾರಿಗಳು ಒಂದು ಊರನ್ನಾಗಲಿ ಒಂದು ಜನವನ್ನಾಗಲಿ ಹಿಂದುಳಿದುದೆಂದು ಬರೆಯುವಾಗ ಯಾವುದರಲ್ಲಿ, ಯಾರಿಗಿಂತ, ಯಾವ ವರ್ಷದ ಲೆಕ್ಕದಿಂದ ಎಂಬ ಮೂರನ್ನೂ ಬರೆಯಲಿ. ಶಾಲೆಯಲ್ಲಿ ಹಿಂದೆಯೆಂದಾದರೆ ಉಪಾಧ್ಯಾಯರನ್ನೂ, ನೀರಿನಲ್ಲಿ ಹಿಂದೆಯೆಂದಾದರೆ ನೀರನ್ನೂ ಒದಗಿಸುವ ಹೊಣೆ ಆಗ ತಾನಾಗಿಯೇ ಹೊರಬೀಳುವುದು. ಈ ಮೂರನ್ನೂ ಹೇಳಲಾರದ ಕಡೆ ಆ ಪದವು ಬರಿಯ ಬೈಗುಳ. ಅದಕ್ಕೆ ಸರಕಾರದ ಕಾಗದದಲ್ಲಿಯೂ ಸಭ್ಯರ ಮಾತಿನಲ್ಲಿಯೂ ಎಡೆಯಿರಕೂಡದು.