ಟಾರ್ಚ್ ಹಿಡಿಯೋಣವೇ, ಗನ್ ಹಿಡಿಯೋಣವೇ?

ಯುವಕೂಟದ ಸಭೆ ಮುಗಿದ ಮೇಲೆ ನಮ್ಮಲ್ಲಿ ಹೆಚ್ಚು ಹೊತ್ತು ನಡೆಯುವುದು ಗೇಮ್‌ಗಳ ಮಾತು. ನಾವೇನು ದಿನವಿಡೀ ಆಡುವವರಲ್ಲ. ಭಾನುವಾರ ಮಧ್ಯಾಹ್ನ ಒಂದೆರಡು ಗಂಟೆ, ಅದೂ ಕರೆಂಟ್ ಇದ್ದರೆ. ಲ್ಯಾಪ್‌ಟಾಪ್ ಹಳೆಯದು, ಹಾಗಾಗಿ ಗೇಮ್‌ಗಳೂ ಹಳೆಯವೇ. ಅಭಿಪ್ರಾಯಗಳಿಗೆ ಮಾತ್ರ ಬರವಿಲ್ಲ.

ಹೆದರಿಸುವ ಶೂಟಿಂಗ್ ಗೇಮ್‌ಗಳ ಬಗ್ಗೆ ನಮ್ಮ ತಕರಾರು ಇಷ್ಟೇ: ಕೈತುಂಬ ಗುಂಡು ಇರುವವನಿಗೆ ಭಯ ಎಲ್ಲಿಂದ ಬರಬೇಕು? 2005ರ ‘ಫಿಯರ್’ ನೋಡಿ. ಶತ್ರುಗಳು ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು ಬಳಸಿ ಬರುತ್ತಾರೆ, ಆ ಕಾದಾಟ ಇಂದಿಗೂ ಸೊಗಸು. ಆದರೆ ಆಲ್ಮಾ ಎಂಬ ಹುಡುಗಿ ಬಂದು ಬೆಚ್ಚಿಬೀಳಿಸುವಾಗ ಹೆಚ್ಚಾಗಿ ಗನ್‌ಗೆ ಕೆಲಸವಿಲ್ಲ. ಗನ್‌ಗೆ ಕೆಲಸ ಇರುವಾಗ ಭಯವಿಲ್ಲ. ಒಂದೇ ಡಬ್ಬದಲ್ಲಿ ಎರಡು ಗೇಮ್ ಇಟ್ಟ ಹಾಗಿದೆ.

2004ರ ‘ಡೂಮ್ 3’ ಈ ವಿಷಯದಲ್ಲಿ ಬುದ್ಧಿವಂತ. ಮಂಗಳ ಗ್ರಹದ ಕತ್ತಲೆ ಓಣಿಗಳಲ್ಲಿ ಒಂದೋ ಟಾರ್ಚ್ ಹಿಡಿಯಬೇಕು, ಇಲ್ಲ ಗನ್ ಹಿಡಿಯಬೇಕು. ಎರಡೂ ಒಟ್ಟಿಗೆ ಆಗದು. ಆಡುವವರು ಗೊಣಗಿದರು, 2012ರ ಆವೃತ್ತಿಯಲ್ಲಿ ಟಾರ್ಚನ್ನು ಕವಚಕ್ಕೇ ಸಿಕ್ಕಿಸಿಬಿಟ್ಟರು. ನಮ್ಮ ಪ್ರಕಾರ ಅಲ್ಲಿಗೆ ಆ ಗೇಮಿನ ಜೀವವೇ ಹೋಯಿತು. ‘ರೆಸಿಡೆಂಟ್ ಈವಿಲ್ 4’ರಲ್ಲೂ ಹಾಗೆಯೇ, ಗುರಿ ಇಡಬೇಕಾದರೆ ನಿಂತಲ್ಲೇ ನಿಲ್ಲಬೇಕು. ಗರಗಸ ಹಿಡಿದವನು ಓಡಿ ಬರುತ್ತಿರುವಾಗ ನಿಲ್ಲುವುದೆಂದರೆ!

ಇವೆಲ್ಲ 17 ದಾಟಿದವರಿಗೆ ಎಂದು ಅಮೆರಿಕದಲ್ಲಿ ಡಬ್ಬದ ಮೇಲೆಯೇ ಹಾಕಿದ್ದರು. ನಾವು ದಾಟಿದ್ದೇವೆ, ಸರಿ. ಬೆನ್ನ ಹಿಂದೆ ಕುಳಿತು ನೋಡುವ ಹತ್ತು ವರ್ಷದ ತಮ್ಮ ದಾಟಿಲ್ಲವಲ್ಲ? ಅವನು ಆಡುವುದಿಲ್ಲ ಎಂದು ನಾವು ಹೇಳಬಹುದು, ನೋಡಿದ್ದು ನೋಡಿದ್ದೇ. ಅಮ್ಮಂದಿರ ಸಿಟ್ಟಿಗೆ ಇಲ್ಲಿ ನಮ್ಮ ಪೂರ್ತಿ ಬೆಂಬಲವಿದೆ. ಆದರೆ ಗೇಮ್ ಅಂದರೆ ಎಲ್ಲ ಒಂದೇ ಎಂದು ಲ್ಯಾಪ್‌ಟಾಪ್ ಮುಚ್ಚಿಸುವುದನ್ನು ಒಪ್ಪಲಾರೆವು, ಏಕೆಂದರೆ ‘ಮಂಕಿ ಐಲೆಂಡ್’ ಕೂಡ ಅದೇ ಲ್ಯಾಪ್‌ಟಾಪಿನಲ್ಲಿದೆ.

1990ರಲ್ಲಿ ಬಂದ ಈ ಸಾಹಸದ ಗೇಮನ್ನು ರೂಪಿಸಿದ ರಾನ್ ಗಿಲ್ಬರ್ಟ್‌ಗೆ ಆಟಗಾರನನ್ನು ಸುಮ್ಮಸುಮ್ಮನೆ ಸಾಯಿಸುವುದು ಇಷ್ಟವಿರಲಿಲ್ಲ. ಅದಕ್ಕೂ ಹಿಂದಿನ ‘ಕಿಂಗ್ಸ್ ಕ್ವೆಸ್ಟ್’ ಗೇಮ್‌ಗಳಲ್ಲಿ ಆರಂಭದಲ್ಲಿ ಒಂದು ವಸ್ತು ಬಿಟ್ಟು ಬಂದರೆ ಗಂಟೆಗಟ್ಟಲೆ ಆಡಿದ ಮೇಲೆ ದಾರಿ ಮುಚ್ಚಿಹೋಗುವುದಿತ್ತು. ಇಲ್ಲಿ ಹಾಗಿಲ್ಲ. ಕತ್ತಿವರಸೆಯಲ್ಲಿ ಗೆಲ್ಲುವುದೂ ಕತ್ತಿಯಿಂದಲ್ಲ, ಎದುರಾಳಿಯ ಮೂದಲಿಕೆಗೆ ತಕ್ಕ ಮಾರುತ್ತರದಿಂದ. ತಾಳಮದ್ದಳೆ ಕೇಳಿ ಬೆಳೆದ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಎಲ್ಲ ಒಗಟುಗಳೂ ನ್ಯಾಯವಾಗಿಲ್ಲ ಅನ್ನಿ. 1991ರ ಎರಡನೇ ಭಾಗದಲ್ಲಿ ಒಂದು ಕೋತಿಯನ್ನು ಮಂಕುಗೊಳಿಸಿ, ಅದನ್ನೇ ಉಪಕರಣದಂತೆ ಹಿಡಿದು ಪಂಪ್ ತಿರುಗಿಸಬೇಕು. ‘ಮಂಕಿ ರೆಂಚ್’ ಎಂಬ ಅಮೆರಿಕನ್ ಮಾತಿನ ತಮಾಷೆ ಅದು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ನಮಗೆ ನಾಲ್ಕರಲ್ಲೂ ಅದು ಸ್ಪ್ಯಾನರ್. ಕೋತಿ ಎಲ್ಲಿಂದ ಹೊಳೆಯಬೇಕು? ಇಂಥ ಕಡೆ ಉತ್ತರ ಹುಡುಕಿ ನೋಡುವುದರಲ್ಲಿ ನಾಚಿಕೆಯೇನಿಲ್ಲ.

ಇನ್ನು 1998ರ ‘ಗ್ರಿಮ್ ಫಂಡಾಂಗೊ’. ಮೆಕ್ಸಿಕೋದವರು ನವೆಂಬರ್ 2ರಂದು ಸಮಾಧಿ ಸಿಂಗರಿಸುವ ಹಬ್ಬದ ಸುತ್ತ ಹೆಣೆದ ಕಥೆ. ಅದೇ ದಿನ ನಾವೂ ನಮ್ಮ ಅಗಲಿದವರಿಗೆ ಮೇಣದಬತ್ತಿ ಹಚ್ಚುತ್ತೇವೆ. ಸತ್ತವರಿಗೆ ಪ್ರಯಾಣದ ಪ್ಯಾಕೇಜ್ ಮಾರುವ ಮ್ಯಾನಿ ಅದರ ನಾಯಕ. ಒಳ್ಳೆಯವರಿಗೆ ಸಲ್ಲಬೇಕಾದ ರೈಲಿನ ಟಿಕೆಟ್ ಯಾರೋ ಕದಿಯುತ್ತಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತದೆ. ಪರದೆಯ ತುಂಬ ಅಸ್ಥಿಪಂಜರಗಳು, ಆದರೂ ಭಯವಿಲ್ಲ. ನಮ್ಮ ಧರ್ಮೋಪದೇಶದ ಪಾಠಕ್ಕೆ ಇದು ಹೊಂದುವುದಿಲ್ಲ, ನಿಜ. ಅಜ್ಜಿಯನ್ನು ಕಳೆದುಕೊಂಡ ಮನೆಯ ಹದಿಹರೆಯದವರ ಜೊತೆ ಕುಳಿತು ಆಡಲು ಇದಕ್ಕಿಂತ ಒಳ್ಳೆಯದು ನಮಗಂತೂ ಸಿಕ್ಕಿಲ್ಲ.

ಕ್ರಿಸ್ಮಸ್ ರಜೆಯಲ್ಲಿ ಚಿಕ್ಕವರನ್ನೂ ಸೇರಿಸಿ ‘ಮಂಕಿ ಐಲೆಂಡ್’ ಆಡೋಣವೆಂದಿದ್ದೇವೆ. ಇಂಗ್ಲಿಷ್ ಮೂದಲಿಕೆಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವವರು ಒಬ್ಬರು ಬೇಕು. ಮನೆಯವರೂ ಬನ್ನಿ. ‘ಡೂಮ್’ ಇರುವ ಪೆನ್‌ಡ್ರೈವ್ ಮನೆಯಲ್ಲೇ ಇರಲಿ.